ಮೂರನೆಯ ಫಾರಂ ಎರಡು ಸಲ

ಯಾರಾದರೂ ನನ್ನ ಬರಹವನ್ನು ಹೊಗಳಿದರೆ ನನಗೆ ಮೊದಲು ಬರುವುದು ಅನುಮಾನ. ಸಂತೋಷ ಆಮೇಲೆ ಬರುತ್ತದೆ, ಅದೂ ಬಂದರೆ. ಇದು ವಿನಯವಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ; ವಿನಯಕ್ಕೂ ನನಗೂ ಅಷ್ಟಾಗಿ ಬಳಕೆಯಿಲ್ಲ. ಹೊಗಳಿಕೆಯಿಂದ ಒಮ್ಮೆ ಚೆನ್ನಾಗಿ ಮೋಸಹೋದವನು ನಾನು. ಬೈಗುಳದಿಂದ ಅಷ್ಟೇ ಚೆನ್ನಾಗಿ ಉದ್ಧಾರವಾದವನೂ ಹೌದು. ಹೇಗೆಂದು ಹೇಳುತ್ತೇನೆ, ಪುರಸೊತ್ತಿದ್ದರೆ ಕೇಳಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ಕೆಲಸ ಗುಬ್ಬಿಯ ಹೈಸ್ಕೂಲೊಂದರಲ್ಲಿ ಗುಮಾಸ್ತಗಿರಿ. ದಿನಾ ಬಸ್ಸಿನ ಕಿಟಕಿಯಾಚೆ ಕಾಣುತ್ತಿದ್ದುದು ತೆಂಗಿನ ಮರಗಳು, ರಾಗಿ ಹೊಲಗಳು, ಹಲಸಿನ ಹಣ್ಣು ಹೊತ್ತು ಸಂತೆಗೆ ಹೊರಟ ಹೆಂಗಸರು. ಆದರೆ ನಾನು ಬರೆಯುತ್ತಿದ್ದ ಕಾದಂಬರಿ ನಡೆಯುತ್ತಿದ್ದುದು ಊಟಿಯಲ್ಲಿ! ಕಾದಂಬರಿ ಎಂದಮೇಲೆ ಮಂಜು, ಬಂಗಲೆ, ಪಿಯಾನೋ ಇರಲೇಬೇಕೆಂದು ನಂಬಿದ್ದೆ. ಊಟಿಯನ್ನು ನೋಡಿದ್ದೆನೇ? ಇಲ್ಲ. ಪಿಯಾನೋವನ್ನೂ ನೋಡಿರಲಿಲ್ಲ. ನಾನು ಹತ್ತಿದ್ದ ತಣ್ಣನೆಯ ಬೆಟ್ಟವೆಂದರೆ ದೇವರಾಯನದುರ್ಗ. ಅಲ್ಲಿನ ಬೆಳಗಿನ ಮಂಜನ್ನೇ ನಾಲ್ಕರಷ್ಟು ಮಾಡಿ ಊಟಿಗೆ ಸಾಗಿಸಿದ್ದೆ.

ವಾರಪತ್ರಿಕೆಗಳು ಅದನ್ನು ಒಂದರ ಹಿಂದೊಂದರಂತೆ ವಾಪಸು ಕಳಿಸಿದವು. ಒಪ್ಪಿಗೆಯಾದರೆ ಬರುವುದು ಕಾರ್ಡು, ತಿರಸ್ಕಾರವಾದರೆ ಬರುವುದು ನಾವೇ ಅಂಚೆಚೀಟಿ ಅಂಟಿಸಿ ಕಳಿಸಿದ ದಪ್ಪ ಲಕೋಟೆ. ಹಾಗಾಗಿ ಪೋಸ್ಟ್‌ಮ್ಯಾನು ಬೀದಿಯ ತಿರುವಿನಲ್ಲಿ ಕಂಡಕೂಡಲೇ ಫಲಿತಾಂಶ ನನಗಿಂತ ಮೊದಲು ಅಕ್ಕಪಕ್ಕದವರಿಗೆ ತಿಳಿದುಹೋಗುತ್ತಿತ್ತು. ಕೊನೆಗೆ ರೋಸಿಹೋಗಿ ಕೈಯಿಂದ ದುಡ್ಡು ಹಾಕಿಕೊಂಡು ಅಚ್ಚು ಮಾಡಿಸಲು ಹೊರಟೆ.

ಪೇಟೆಯಲ್ಲಿ ರುದ್ರಣ್ಣನದೊಂದು ಸಣ್ಣ ಪ್ರೆಸ್ಸಿತ್ತು. ಲಗ್ನಪತ್ರಿಕೆ, ರಸೀತಿ ಪುಸ್ತಕಗಳ ನಡುವೆ ನನ್ನ ಕಾದಂಬರಿಗೂ ಜಾಗ ಮಾಡಿಕೊಟ್ಟ. ಹದಿನಾರು ಪುಟಗಳನ್ನು ಒಂದು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಿಸಿದರೆ ಒಂದು ಫಾರಂ. ಫಾರಂಗಳನ್ನು ಸಾಲಾಗಿ ಜೋಡಿಸಿ ಹೊಲಿದರೆ ಪುಸ್ತಕ. ನಾಲ್ಕನೆಯ ಫಾರಮ್ಮಿನ ಕೊನೆಗೆ ಒಂದು ಅಧ್ಯಾಯ ಮುಗಿದು ಒಂದೂವರೆ ಪುಟ ಬರಿದಾಗಿ ಉಳಿಯಿತು. ಖಾಲಿ ಬಿಟ್ಟರೆ ಪೇಪರು ದಂಡ, ಏನಾದರೂ ತುಂಬಿಸಿಕೊಡಿ ಎಂದು ರುದ್ರಣ್ಣ ಪೀಡಿಸಿದ. ಪ್ರೆಸ್ಸಿನ ಕಟ್ಟೆಯ ಮೇಲೆ ಕಾಗದವಿಟ್ಟು, ನಿಂತಲ್ಲೇ, ತೋಚಿದ್ದನ್ನು ಗೀಚಿ ಕೊಟ್ಟೆ.

ತೋಚಿದ್ದು ಹಾಗಲವಾಡಿಯ ನನ್ನ ಸೋದರತ್ತೆ ಬಸ್ಸಿನಲ್ಲಿ ಆಡಿದ ಜಗಳ. ಅವಳ ಹಲಸಿನ ಹಣ್ಣಿಗೂ ಟಿಕೆಟ್ಟು ಮಾಡಿಸಬೇಕೆಂದು ಕಂಡಕ್ಟರು ಹಟ ಹಿಡಿದಿದ್ದ. ಅವಳು ಮರುಮಾತಾಡದೆ ಟಿಕೆಟ್ಟು ತೆಗೆದುಕೊಂಡು, ಹಣ್ಣನ್ನೆತ್ತಿ ಅವನ ಸೀಟಿನ ಮೇಲೆ ಕೂರಿಸಿ, "ಟಿಕೆಟ್ ತಗಂಡೈತೆ ಕಣಪ್ಪ, ಅದ್ಯಾಕೆ ನಿಂತ್ಕಂಡು ಬರ್ಬೇಕು?" ಎಂದಿದ್ದಳು. ಕಂಡಕ್ಟರು ಗುಬ್ಬಿಯವರೆಗೂ ನಿಂತೇ ಬಂದಿದ್ದ. ಅತ್ತೆಯ ಮಾತನ್ನು ನನ್ನ ನಾಯಕಿಯ ಕೆಲಸದವಳ ಬಾಯಲ್ಲಿ ಹಾಕಿ, ಬಸ್ಸನ್ನು ಊಟಿಯ ಕಡೆಗೆ ತಿರುಗಿಸಿ ಕೈತೊಳೆದುಕೊಂಡೆ.

ಪುಸ್ತಕ ಬಂತು. ಬೆನ್ನಿಗೆ ನನ್ನ ಫೋಟೋ. ಕಂಡಕಂಡವರಿಗೆಲ್ಲ ಗೌರವ ಪ್ರತಿ ಹಂಚಿದೆ. ಹೊಗಳಿಕೆ ಸುರಿಯಿತು ನೋಡಿ! ನಮ್ಮ ಹೆಡ್‌ಮಾಸ್ಟರು ಶೈಲಿ ನೀರಿನಂತೆ ಹರಿಯುತ್ತದೆ ಎಂದರು. ಭಾವಮೈದ ಒಂದೇ ಏಟಿಗೆ ಓದಿ ಮುಗಿಸಿದೆನೆಂದ. ಹೆಂಡತಿ ಸರೋಜ, ಕಡಿಮೆ ಮಾತಿನವಳು, ಚೆನ್ನಾಗಿದೆ ಎಂದಳು. ನಾನು ತಡಮಾಡದೆ ಕಾಶ್ಮೀರದಲ್ಲಿ ನಡೆಯುವ ಎರಡನೆಯ ಕಾದಂಬರಿಗೆ ಕೈಹಾಕಿದೆ.

ಆಗ ಬಂತು ವಿಮರ್ಶೆ. ಊರಿನ ಪತ್ರಿಕೆಯೊಂದರಲ್ಲಿ ಒಂದು ಕಾಲಂ ಪೂರ್ತಿ. ಬರೆದವರು ಕುಣಿಗಲ್ಲಿನ ನಂಜಪ್ಪ ಮೇಷ್ಟ್ರು, ನಿವೃತ್ತ ಕನ್ನಡ ಪಂಡಿತರು. ಈ ಊಟಿಯಲ್ಲಿ ಮಂಜು ಧಾರಾಳವಾಗಿದೆ, ಆದರೆ ಯಾರಿಗೂ ಚಳಿಯಾಗುವುದಿಲ್ಲ ಎಂದು ಶುರುಮಾಡಿದ್ದರು. ನಾಯಕಿ ಅಳುವಾಗಲೂ ಭಾಷಣ ಮಾಡುತ್ತಾಳೆ ಎಂದಿದ್ದರು. ಕೊನೆಯಲ್ಲಿ ಇತ್ತು ನಿಜವಾದ ಪೆಟ್ಟು: ಪುಸ್ತಕದಲ್ಲಿ ಮೂರನೆಯ ಫಾರಂ ಎರಡು ಸಲ ಬಂದಿದೆ, ನಾಲ್ಕನೆಯದು ಇಲ್ಲವೇ ಇಲ್ಲ, ಇದರಿಂದ ಕಥೆಗೆ ಏನೂ ನಷ್ಟವಾದಂತೆ ಕಾಣಲಿಲ್ಲ.

ಅಪ್ಪಟ ಸುಳ್ಳು ಎಂದುಕೊಂಡು ನನ್ನ ಪ್ರತಿ ತೆಗೆದು ನೋಡಿದೆ. ನಿಜ. ಇನ್ನೊಂದು ತೆಗೆದೆ. ಅದೂ ಹಾಗೆಯೇ. ಬೈಂಡು ಮಾಡಿದವರು ಎಲ್ಲ ಪ್ರತಿಗಳನ್ನೂ ಒಂದೇ ಶ್ರದ್ಧೆಯಿಂದ ಕೆಡಿಸಿದ್ದರು. ನಾನು ಯಾಕೆ ನೋಡಿರಲಿಲ್ಲ ಎನ್ನುತ್ತೀರಾ? ನನಗೆ ಅರ್ಪಣೆಯ ಪುಟ ಮತ್ತು ಬೆನ್ನಿನ ಫೋಟೋ ನೋಡುವುದರಲ್ಲೇ ಹೊತ್ತು ಹೋಗಿತ್ತು. ಹಾಗಾದರೆ ಹೆಡ್‌ಮಾಸ್ಟರು? ಒಂದೇ ಏಟಿಗೆ ಓದಿದ ಭಾವಮೈದ? ಸರೋಜಳನ್ನು ಮೆಲ್ಲಗೆ ಕೇಳಿದೆ. ಮೂವತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಮಗು ಎದ್ದುಬಿಟ್ಟಿತಂತೆ.

ಆ ದಿನ ನಾನು ಬರವಣಿಗೆ ಬಿಟ್ಟೆ. ತಮಾಷೆಗೆ ಹೇಳುತ್ತಿಲ್ಲ. ಕಾಶ್ಮೀರವನ್ನು ದಾರದಲ್ಲಿ ಕಟ್ಟಿ ಅಟ್ಟಕ್ಕೆ ಎಸೆದೆ. ಬೈದವರ ಮೇಲಿನ ಸಿಟ್ಟಿಗಿಂತ ಹೊಗಳಿದವರು ಓದಿರಲಿಲ್ಲ ಎಂಬ ಸಂಕಟ ಹೆಚ್ಚಾಗಿತ್ತು. ಯಾರೂ ಓದದಿದ್ದರೆ ಯಾರಿಗಾಗಿ ಬರೆಯುವುದು? ಆದರೆ ಮೇಷ್ಟ್ರು ನಷ್ಟವಿಲ್ಲ ಎಂದರಲ್ಲ, ಆ ಮಾತೊಂದು ಮುಳ್ಳಿನ ಹಾಗೆ ಕೂತಿತ್ತು. ನಾಲ್ಕನೆಯ ಫಾರಂ ಓದದೆ ಹೇಗೆ ಹೇಳಿದರು? ಪ್ರೆಸ್ಸಿಗೆ ಹೋದೆ. ನಾಲ್ಕನೆಯ ಫಾರಮ್ಮಿನ ಕಟ್ಟುಗಳು ಮೂಲೆಯಲ್ಲಿ ಹಾಗೇ ಇದ್ದವು. ಅದೇನು ಇಷ್ಟೊಂದು ಮಿಕ್ಕಿತಲ್ಲ ಎಂದು ತಾನೂ ಯೋಚಿಸುತ್ತಿದ್ದೆ ಎಂದ ರುದ್ರಣ್ಣ. ಒಂದನ್ನು ಎಳೆದುಕೊಂಡು ಭಾನುವಾರ ಕುಣಿಗಲ್ಲಿನ ಬಸ್ಸು ಹತ್ತಿದೆ, ಜಗಳಕ್ಕೆ.

ಮೇಷ್ಟ್ರ ಮನೆ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿತ್ತು. ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಯಾರೆಂದು ಹೇಳಿದೆ. ಮುಜುಗರಪಡುತ್ತಾರೆಂದು ಕಾದರೆ, ಅವರು ನನ್ನ ಕೈಯಲ್ಲಿದ್ದುದನ್ನು ನೋಡಿ, "ನಾಲ್ಕನೇ ಫಾರಂ ತಂದ್ರಾ? ಕೊಡಿ ಇಲ್ಲಿ" ಎಂದು ಕೈಚಾಚಿದರು. ಪಂಚೆಯ ತುದಿಯಿಂದ ಕನ್ನಡಕ ಒರೆಸಿಕೊಂಡು, ಮಡಿಕೆಗಳನ್ನು ಚಾಕುವಿನಿಂದ ಬಿಡಿಸಿ, ಓದತೊಡಗಿದರು.

ಒಬ್ಬರು ನನ್ನ ಬರಹವನ್ನು ಓದುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ಕುಡಿಯುವುದನ್ನೂ ಮರೆತು ನೋಡುತ್ತಾ ಕೂತೆ. ಮೇಷ್ಟ್ರ ಮುಖ ಬಹಳ ಹೊತ್ತು ಬಸ್ಸಿಗೆ ಕಾಯುವವರ ಮುಖದಂತೆಯೇ ಇತ್ತು. ಆಮೇಲೆ ಭುಜ ಅಲುಗಿತು. ಮತ್ತೆ ಅಲುಗಿತು. ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಜೋರಾಗಿ ನಕ್ಕುಬಿಟ್ಟರು. ಕತ್ತು ಚಾಚಿ ನೋಡಿದೆ. ಹಲಸಿನ ಹಣ್ಣು ಸೀಟಿನ ಮೇಲೆ ಕೂತಿತ್ತು.

"ಈ ಒಂದೂವರೆ ಪುಟ ಬರ್ದೋರು ಯಾರ್ರೀ?" ಎಂದು ಕೇಳಿದರು.

"ನಾನೇ, ಸಾರ್."

"ಮತ್ತೆ ಮಿಕ್ಕಿದ್ದು?"

ನಾನು ಆಗ ಮಜ್ಜಿಗೆಯ ಲೋಟ ಎತ್ತಿಕೊಂಡೆ. ಮೇಷ್ಟ್ರು ಮತ್ತೊಂದು ಅವರೆಕಾಯಿ ಕೈಗೆತ್ತಿಕೊಂಡರು. "ನಷ್ಟ ಇಲ್ಲ ಅಂತ ಬರ್ದಿದ್ದು ನನ್ ತಪ್ಪು. ನಷ್ಟ ಆಗೈತೆ. ಈ ಒಂದೂವರೆ ಪುಟದೋರು ಇನ್ಮೇಲೂ ಬರೀಲಿ. ಆ ಇನ್ನೊಬ್ರನ್ನ ಊಟೀಲೇ ಬಿಟ್ ಬಂದ್ಬುಡಿ."

ನಮ್ಮ ಹಳೆಯ ಕವಿಗಳು ಕಾವ್ಯದ ಪೀಠಿಕೆಯಲ್ಲೇ ತಪ್ಪಿದ್ದರೆ ತಿದ್ದಿರೆಂದು ಬಲ್ಲವರಿಗೆ ಕೈಮುಗಿಯುತ್ತಿದ್ದರು. ತಪ್ಪು ಹುಡುಕುವವರನ್ನು ಅದೇ ಉಸಿರಿನಲ್ಲಿ ಬೈಯುತ್ತಲೂ ಇದ್ದರು. ಇಬ್ಬರೂ ಒಬ್ಬರೇ ಆಗಿರಬಹುದೆಂದು ಅವರಿಗೆ ತೋಚಿತ್ತೋ ಇಲ್ಲವೋ, ನನಗೆ ತೋಚಿದ್ದು ಕುಣಿಗಲ್ಲಿನಿಂದ ತಿರುಗಿ ಬರುವ ಬಸ್ಸಿನಲ್ಲಿ. ನಾನು ಜೀವನದಲ್ಲಿ ಅಷ್ಟು ಹಗುರಾಗಿ ಬಸ್ಸಿನಲ್ಲಿ ಕೂತದ್ದೇ ಇಲ್ಲ. ಕಾಶ್ಮೀರ ಅಟ್ಟದಿಂದ ಇಳಿಯಲಿಲ್ಲ. ಅತ್ತೆ, ಕಂಡಕ್ಟರು, ರುದ್ರಣ್ಣ, ಶೆಟ್ಟಿಹಳ್ಳಿಯ ನಲ್ಲಿ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಾ ಹೋದೆ. ಬರೆದದ್ದೆಲ್ಲ ಮೊದಲು ಕುಣಿಗಲ್ಲಿಗೆ ಹೋಗುತ್ತಿತ್ತು, ಮೈತುಂಬ ಕೆಂಪು ಶಾಯಿ ಬಳಿದುಕೊಂಡು ವಾಪಸು ಬರುತ್ತಿತ್ತು. ಪ್ರತಿ ಸಲವೂ ಮುಖ ಊದಿಸಿಕೊಳ್ಳುತ್ತಿದ್ದೆ. ಊತ ಇಳಿದ ಮೇಲೆ ಕೂತು ತಿದ್ದುತ್ತಿದ್ದೆ. ಪತ್ರಿಕೆಗಳಿಂದ ಕಾರ್ಡುಗಳು ಬರತೊಡಗಿದವು. ಆ ಕೆಂಪು ಶಾಯಿಯ ಋಣ ಯಾವತ್ತಾದರೂ ತೀರುತ್ತದೆಂದು ನನಗೆ ಅನಿಸಿಲ್ಲ.

ಹೀಗೆ ಕೆಲವು ವರ್ಷ ನಡೆದಮೇಲೆ ಒಂದು ದಿನ ಕುಣಿಗಲ್ಲಿನಿಂದ ಕಾರ್ಡು ಬಂತು. 'ಲೇಖನ ತುಂಬಾ ಚೆನ್ನಾಗಿದೆ.' ಅಷ್ಟೇ. ಅಕ್ಷರವೂ ಅವರದಲ್ಲ. ಕಾರ್ಡನ್ನು ಸರೋಜಳ ಕೈಗೆ ಕೊಟ್ಟೆ. ಅವಳು ಓದಿ, "ಏನೋ ಆಗಿದೆ ಕಣ್ರೀ, ಮೊದ್ಲು ಹೋಗ್ ಬನ್ನಿ" ಎಂದಳು. ರಜೆ ಹಾಕಿ ಓಡಿದೆ.

ಮೇಷ್ಟ್ರು ಅದೇ ಜಗುಲಿಯ ಮೇಲೆ ಕೂತಿದ್ದರು, ಕನ್ನಡಕವಿಲ್ಲದೆ. ಎರಡು ಕಣ್ಣಿಗೂ ಪೊರೆ ಬಂದು ಆಗಲೇ ತಿಂಗಳಾಗಿತ್ತಂತೆ, ಆಪರೇಷನ್ನಿಗೆ ಇನ್ನೂ ಕಾಯಬೇಕಂತೆ. ನನ್ನ ಲೇಖನ ಓದಲಾಗದೆ, ನನ್ನನ್ನು ಕಾಯಿಸಲೂ ಮನಸ್ಸಾಗದೆ, ಹೆಂಡತಿಯ ಕೈಲಿ ಆ ಒಂದು ಸಾಲು ಬರೆಸಿದ್ದರು. ಅದನ್ನು ಆಕೆಯೇ ಒಳಗೆ ಕರೆದು ಮೆಲ್ಲಗೆ ಹೇಳಿದರು.

ನಾನು ಕಳಿಸಿದ್ದ ಲೇಖನವನ್ನು ಆಕೆಯಿಂದ ಇಸಿದುಕೊಂಡು, ಹೊರಗೆ ಬಂದು ಮೇಷ್ಟ್ರ ಪಕ್ಕದಲ್ಲಿ ಕೂತೆ. ಏನೂ ಗೊತ್ತಿಲ್ಲದವನಂತೆ, ಚೆನ್ನಾಗಿದೆ ಎಂದಿರಲ್ಲ, ಒಂದು ಸಲ ನನ್ನ ಬಾಯಲ್ಲೇ ಕೇಳಿಬಿಡಿ ಎಂದೆ. ಮೇಷ್ಟ್ರು ಕಣ್ಣುಮುಚ್ಚಿ ಕಂಬಕ್ಕೆ ಒರಗಿಕೊಂಡರು. ಓದತೊಡಗಿದೆ. ಮೊದಲನೆಯ ಪ್ಯಾರಾ ಮುಗಿಯಿತು, ಅವರು ಮಿಸುಕಲಿಲ್ಲ. ಎರಡನೆಯದರ ಅರ್ಧಕ್ಕೆ ಬಂದಿದ್ದೆ, ಮೇಷ್ಟ್ರ ಕೈ ಮೇಲಕ್ಕೆ ಹೋಯಿತು.

"ನಿಲ್ಸಿ. ಇಲ್ಲೇ ಕೆಟ್ಟೈತೆ ನೋಡಿ."

ಹೋದ ಜೀವ ಬಂದಂತಾಯಿತು. ಪೆನ್ನಿನ ಮುಚ್ಚಳ ತೆಗೆದು, "ಹೇಳಿ ಸಾರ್" ಎಂದೆ.