ಬಾಯಿ ಕಟ್ಟಿದಾಗ ಕೇಳಿಸಿದ್ದು

ಮೊದಲು ಬಲಗೈಯ ಹೆಬ್ಬೆರಳು ತಾನಾಗಿಯೇ ಕುಣಿಯತೊಡಗುತ್ತಿತ್ತು. ಅಲ್ಲಿಂದ ಮುಂಗೈಗೆ ಹತ್ತಿ, ಆಮೇಲೆ ಬಾಯಿಯ ಒಂದು ಕೊನೆ ಎಳೆದುಕೊಂಡು ಮಾತು ಕಟ್ಟುತ್ತಿತ್ತು. ಬಿದ್ದು ಹೊರಳಾಡಿದವಳಲ್ಲ ನಾನು, ಎಚ್ಚರ ತಪ್ಪಿದವಳೂ ಅಲ್ಲ. ಕಣ್ಣು ಕಾಣುತ್ತಿತ್ತು, ಕಿವಿ ಕೇಳುತ್ತಿತ್ತು. ಕಂಪ್ಲಿಯ ನನ್ನ ಗಂಡನ ಮನೆಯಲ್ಲಿ ಇದನ್ನು ಯಾರೂ ನಂಬಲಿಲ್ಲ. ಮೂರ್ಛೆ ಅಂದಮೇಲೆ ಮೂರ್ಛೆ, ಅದರಲ್ಲಿ ಕೇಳುವುದೆಲ್ಲಿಂದ ಬಂತು ಅನ್ನುವುದು ಅವರ ವಾದ.

ಕಬ್ಬಿಣ ಹಿಡಿಸಿದರೆ ಇಳಿಯುತ್ತದೆಂದು ಅತ್ತೆ ತಮ್ಮ ಸೊಂಟದ ಬೀಗದ ಕೈಗಳ ಗೊಂಚಲನ್ನೇ ಬಿಚ್ಚಿ ನನ್ನ ಅಂಗೈಗೆ ಒತ್ತುತ್ತಿದ್ದರು. ಅಕ್ಕಿಯ ಕೋಣೆ, ತುಪ್ಪದ ಕಪಾಟು, ತಿಜೋರಿ, ಮನೆಯ ಯಜಮಾನಿಕೆಯೆಲ್ಲ ಅದರಲ್ಲಿತ್ತು. ಕೈ ಕುಣಿಯುವುದು ನಿಂತ ಕೂಡಲೇ ವಾಪಸು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನನ್ನ ಕಾಲ ಎಲೆ ಅಡಿಕೆ ಮಡಿಚಿ ಬಾಯಿಗಿಡುವಷ್ಟು ಹೊತ್ತಿನದು.

ಕೊನೆಗೆ ಯಜಮಾನರು, ಅತ್ತೆ, ನಾನು ಬಂಡಿ ಕಟ್ಟಿಸಿಕೊಂಡು ಹೊಸಪೇಟೆಗೆ ಹೋದೆವು. ಅಲ್ಲಿ ಮದರಾಸಿನಲ್ಲಿ ಓದಿ ಬಂದ ಡಾಕ್ಟರರಿದ್ದರು. ಅವರು ನನ್ನನ್ನೇ ಎಲ್ಲ ಕೇಳಿದರು. ನನ್ನನ್ನು ಯಾರಾದರೂ ಏನಾದರೂ ಕೇಳಿ ಎಷ್ಟೋ ದಿನವಾಗಿತ್ತು.

"ಇದು ಗಾಳಿ ಅಲ್ರಿ, ದೆವ್ವಾನೂ ಅಲ್ಲ," ಅಂದರು ಯಜಮಾನರ ಕಡೆ ತಿರುಗಿ. "ಮಿದುಳಿನಾಗ ಒಂದು ಕಡಿ ಕೆರಳಿ ಕೈ, ಬಾಯಿ ಎಳಿತೈತಿ. ಯಾಕ ಕೆರಳ್ತೈತಿ, ಅದು ನನಗೂ ಗೊತ್ತಾಗವಲ್ದು. ಔಷಧ ಒಂದು ದಿನಾನೂ ತಪ್ಪಿಸಬ್ಯಾಡ್ರಿ. ನಿದ್ದಿ ಕೆಡಬ್ಯಾಡ್ರಿ. ಒಲಿ ಮುಂದ, ಬಾವಿ ಹತ್ರ ಒಬ್ಬಾಕಿನ್ನ ಬಿಡಬ್ಯಾಡ್ರಿ. ಬಾಯಿ ಕಟ್ಟಿದಾಗೂ ಆಕಿಗೆ ಎಲ್ಲಾ ಕೇಳ್ತಿರತೈತಿ, ಧೈರ್ಯ ಹೇಳ್ರಿ."

ಬಂಡಿ ಹತ್ತುವಾಗ ಅತ್ತೆ ಮಗನಿಗೆ, "ಕಾರಣಾನ ಗೊತ್ತಿಲ್ದಾಂವ ಎಂಥಾ ಡಾಕ್ಟರ್ ಲೇ?" ಎಂದರು. ಯಜಮಾನರು ನಕ್ಕರು.

ಆದರೆ ಆ ಉಪ್ಪುಪ್ಪು ಔಷಧ ಕೆಲಸ ಮಾಡಿತು. ಕೈ ಕುಣಿಯುವುದು ಅಪರೂಪವಾಯಿತು. ಒಬ್ಬಳನ್ನೇ ಬಿಡಬೇಡಿ ಎಂದದ್ದನ್ನು ಮಾತ್ರ ಮನೆಯವರು ಚಾಚೂ ತಪ್ಪದೆ ಪಾಲಿಸಿದರು. ಒಲೆಯ ಹತ್ತಿರ ಬಿಡಲಿಲ್ಲ, ಹೊಳೆಗೆ ಬಿಡಲಿಲ್ಲ, ವಾರಗಿತ್ತಿಯ ಕೂಸನ್ನು ಎತ್ತಿಕೊಳ್ಳಲೂ ಬಿಡಲಿಲ್ಲ. ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ಯಾರಾದರೊಬ್ಬರು ಕಾವಲಿರುತ್ತಿದ್ದರು, ಮಾತಾಡುತ್ತಿರಲಿಲ್ಲ. ತುಂಬಿದ ಮನೆಯಲ್ಲಿ ಹಾಗೆ ಒಂಟಿಯಾಗುವುದಕ್ಕಿಂತ ಅಡವಿಯಲ್ಲಿ ಒಂಟಿಯಾಗಿರುವುದು ಮೇಲು ಅನ್ನಿಸಿ ಅಳು ಬರುತ್ತಿತ್ತು. ಸಂಜೆ ಅಕ್ಕಿ ಮಿಲ್ಲಿನಿಂದ ಬಂದ ಯಜಮಾನರು "ಉಂಡ್ಯಾ?" ಎನ್ನುತ್ತಿದ್ದರು. ಆ ಒಂದು ಮಾತಿಗೆ ದಿನವಿಡೀ ಕಾಯುತ್ತಿದ್ದೆ. ಇವರಿರುವವರೆಗೆ ನನ್ನನ್ನು ತವರಿಗೆ ಅಟ್ಟಲಾರರು ಎಂಬ ನಂಬಿಕೆಯೂ ಅದರ ಮೇಲೇ ನಿಂತಿತ್ತು.

ಶಿವರಾತ್ರಿ ಬಂತು. ಜಾಗರಣೆ ಮಾಡಿದರೆ ಬೇನೆ ಬುಡಸಮೇತ ಹೋಗುತ್ತದೆಂದು ಅತ್ತೆ ನನ್ನ ಪರವಾಗಿ ಹರಕೆ ಹೊತ್ತಿದ್ದರು. ಉಪವಾಸದ ದಿನ ಔಷಧವನ್ನೂ ಕುಡಿಯಬಾರದಂತೆ. ಡಾಕ್ಟರರು ಹೇಳಿದ್ದನ್ನು ನೆನಪಿಸಿದೆ. ಶಿವನಿಗಿಂತ ದೊಡ್ಡವನೇನು ಅವನು ಎಂದು ಬಾಯಿ ಮುಚ್ಚಿಸಿದರು. ಮರುದಿನ ಬೆಳಿಗ್ಗೆ ನೆಂಟರೊಂದಿಗೆ ಎಲ್ಲರೂ ಉಪವಾಸ ಬಿಡಲು ಕೂತಾಗ ನನ್ನ ಹೆಬ್ಬೆರಳು ಕುಣಿಯಿತು. ನನ್ನನ್ನು ಗೋಡೆಗೆ ಒರಗಿಸಿ ಊಟ ಮುಂದುವರಿಸಿದರು.

ಅತ್ತೆಯ ಅಣ್ಣ ನನ್ನ ಕಡೆ ನೋಡಿ, "ಇಕಿಗೆ ಈಗೇನೂ ಕೇಳಂಗಿಲ್ಲ, ಮಾತಾಡಿಬಿಡೂಣು," ಎಂದರು. "ಇಕಿನ್ನ ತವರಿಗೆ ಕಳಿಸ್ರಿ. ಇವಗ ಇನ್ನೊಂದು ಮಾಡೂಣು. ಒಂದು ಛಲೋ ಮನಿತನ ನೋಡಿ ಬಂದೀನಿ."

ನಾನು ಯಜಮಾನರ ಮುಖವನ್ನೇ ನೋಡುತ್ತಿದ್ದೆ. ಬೇಡ ಅನ್ನಲಿ, ಬಯ್ಯಲಿ, ಎದ್ದಾದರೂ ಹೋಗಲಿ ಎಂದು ಒಳಗೇ ಬೇಡಿಕೊಂಡೆ. ಅವರು ಅನ್ನ ಕಲಸುತ್ತಲೇ, "ಹುಡುಗಿ ಯಾವೂರಾಕಿ?" ಎಂದರು.

ಉಳಿದವರು ಕೈ ತೊಳೆಯಲು ಎದ್ದುಹೋದ ಮೇಲೆ ಅವರು ನನ್ನ ಹತ್ತಿರ ಬಂದರು. ಡಾಕ್ಟರರ ಮಾತು ಆ ಮನೆಯಲ್ಲಿ ಅವರೊಬ್ಬರಿಗಾದರೂ ನೆನಪಿತ್ತು. ಅಷ್ಟರಲ್ಲಿ ನನಗೆ ಮಾತು ಮರಳಿತ್ತು.

"ಏನಾರ ಕೇಳಿಸ್ತೇನು?" ಎಂದರು, ಕಣ್ಣು ತಪ್ಪಿಸಿ.

"ಇಲ್ರಿ," ಅಂದೆ.