ಹೆಣ್ಣೊಪ್ಪಿಸುವ ಸೀನು

ನಮ್ಮ ನೆಂಟರಿಷ್ಟರಲ್ಲಿ ನನಗೊಂದು ಹೆಸರಿದೆ: ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ಅಳದ ಅಪ್ಪ. ಮಗಳನ್ನು ಕುಣಿಗಲ್ಲಿಗೆ ಕೊಟ್ಟ ದಿನ, ಹಾಲಿನಲ್ಲಿ ಅದ್ದಿದ ಅವಳ ಕೈಯನ್ನು ಬೀಗರ ಕೈಗಿಡುವಾಗ ಛತ್ರಕ್ಕೆ ಛತ್ರವೇ ಗೊಳೋ ಅಂತಿತ್ತು. ವಿಡಿಯೋದವನು ಲೈಟನ್ನು ನನ್ನ ಮುಖಕ್ಕೇ ಹಿಡಿದು ಕಾದು ಕಾದು ಸೋತ. ನನಗೆ ಗಂಟಲು ಕಟ್ಟಿತ್ತು. ಬಾಯಿಬಿಟ್ಟಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಆದರೆ ಗಂಟಲೊಳಗಿನದು ಯಾರಿಗೆ ಕಾಣುತ್ತದೆ? ನಾನು ಕಲ್ಲು ಅಂತ ಹೆಂಡತಿ ಆವತ್ತೇ ತೀರ್ಮಾನಿಸಿಬಿಟ್ಟಳು. "ಸೀರಿಯಲ್ ಅಪ್ಪಂದಿರನ್ನ ನೋಡಿ ಕಲೀರಿ, ಹೆಂಗ್ ಅಳ್ತಾರೆ" ಅನ್ನುವುದು ಈಗ ದಿನದ ಮಾತು. ಅದು ನನಗೆ ನಿಜವಾಗಿ ನೋಯುತ್ತದೆ.

ಮರಳೂರಿನ ನಮ್ಮ ಮನೆಯಲ್ಲಿ ಸಂಜೆಯಾದರೆ ಟಿವಿಯದೇ ದರ್ಬಾರು. ಅತ್ತೆ ಪಾತ್ರದವಳು ಉಪ್ಪಿನ ಡಬ್ಬ ಕೆಳಗಿಟ್ಟರೂ ಗುಡುಗುತ್ತದೆ. "ಕಾಫಿ ಆಯ್ತಾ?" ಎಂದು ಒಬ್ಬರು ಕೇಳಿದರೆ ಕ್ಯಾಮೆರಾ ಮನೆಮಂದಿಯ ಮುಖವೆಲ್ಲ ಸುತ್ತಿ ಬರುತ್ತದೆ, ಉತ್ತರ ಸೋಮವಾರ ಸಿಗುತ್ತದೆ. ಮಲಗುವಾಗಲೂ ಕಾಸಿನ ಸರ ಬಿಚ್ಚದ ಆ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರೂ ಕಾಡಿಗೆ ಮಾತ್ರ ಕದಲುವುದಿಲ್ಲ. ನಾನು ನಕ್ಕರೆ ನನ್ನವಳು ಸೌಂಡು ಜಾಸ್ತಿ ಮಾಡುತ್ತಾಳೆ.

ನಗುವ ಯೋಗ್ಯತೆಯೂ ನನಗೆ ಅಷ್ಟಕ್ಕಷ್ಟೆ. ಶಿರಾ ಗೇಟಿನಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಲೇ ಚೇಳೂರು ಕಡೆಯ ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿಯುವ ಪಾತ್ರ ಮಾಡುವವನು ನಾನು. ನಾಟಕ ನೋಡಲು ಬಂದು ಹಿಂದಿನ ಚಾಪೆಯಲ್ಲಿ ನಿದ್ದೆ ಹೋದವನು ನಮ್ಮ ಅಬ್ಬರಕ್ಕೆ ಗಾಬರಿಯಿಂದ ಎದ್ದು ಕೂತರೆ ಅಲ್ಲಿ ಅದು ಅಭಿನಯ. ಹೀಗಿರುವಾಗ ಗುಬ್ಬಿ ಹತ್ತಿರದ ಒಂದು ತೋಟದ ಮನೆಗೆ ಸೀರಿಯಲ್‌ನವರು ಬಂದರು. ಮಗಳನ್ನು ಒಪ್ಪಿಸಿಕೊಡುವ ಅಪ್ಪನ ಪಾತ್ರಕ್ಕೆ ಒಬ್ಬರು ಬೇಕಂತೆ ಎಂದು ಕೇಳಿದ್ದೇ ತಡ, ಅಂಗಡಿ ಬಾಗಿಲು ಎಳೆದು ಓಡಿದೆ. ಟಿವಿಯಲ್ಲೇ ಮನಸಾರೆ ಅತ್ತು ತೋರಿಸಿದರೆ ಹೆಂಡತಿಯ ದೂರು ತೀರುತ್ತದೆ ಅನ್ನುವುದು ನನ್ನ ಆಸೆ.

ಆ್ಯಕ್ಷನ್ ಅಂದರು. ನಾನು ಬಾಯಿಬಿಡಲಿಲ್ಲ.

"ಯಾಕ್ ಸಾರ್?" ಎಂದ ನಿರ್ದೇಶಕ, ನನ್ನ ಮಗಳಿಗಿಂತ ಚಿಕ್ಕವನು.

"ಹಾರ್ಮೋನಿಯಂನೋರು ಶ್ರುತಿ ಕೊಡ್ಲಿ ಅಂತ" ಅಂದೆ. ಶ್ರುತಿ ಹಿಡಿಯದೆ ಮಾತೆತ್ತಿ ನಮಗೆ ಅಭ್ಯಾಸವಿಲ್ಲ.

ಹಾರ್ಮೋನಿಯಂ ಇಲ್ಲವೆಂದು ತಿಳಿದ ಮೇಲೆ ಮಗಳ ಪಾತ್ರದವಳಿಗೆ ಬೆನ್ನು ಹಾಕಿ, ಕ್ಯಾಮೆರಾದ ಕಡೆ ನುಗ್ಗಿ ಬಂದು, ಎದೆ ಹಿಡಿದುಕೊಂಡು "ಮಗಳೇ" ಎಂದೆ. ಸೌಂಡಿನವನು ಕಿವಿಯಿಂದ ಹೆಡ್‌ಫೋನ್ ಕಿತ್ತ. ತೆಂಗಿನ ಮರದ ಕಾಗೆಗಳು ಜಾಗ ಖಾಲಿ ಮಾಡಿದವು.

"ಕಮ್ಮಿ ಮಾಡಿ ಸಾರ್" ಅಂದ ನಿರ್ದೇಶಕ ಹುಡುಗ. ಕಮ್ಮಿ ಮಾಡಿದೆ. "ಇನ್ನೂ ಕಮ್ಮಿ." ಎದೆಯ ಮೇಲಿನ ಕೈ ಇಳಿಸಿದೆ, ಬಂದಿದ್ದ ಅಳು ನುಂಗಿದೆ. ಕೊನೆಗೆ ಅವನು ಡೈಲಾಗನ್ನೇ ಕಿತ್ತುಹಾಕಿ, "ನೀವು ಏನೂ ಮಾಡ್ಬೇಡಿ, ಸುಮ್ನೆ ನಿಂತ್ಕೊಳಿ ಸಾಕು. ಅಳೋದು ಗಿಳೋದೆಲ್ಲ ನಾವು ಎಡಿಟಿಂಗಲ್ಲಿ ಹಾಕ್ಕೋತೀವಿ" ಅಂದ. ನಿಂತೆ. ಅದೇ ಓಕೆ ಆಯಿತು. ಅಳಲೆಂದೇ ಹೋದವನು ಅಳದೆ ಗುಬ್ಬಿಯಲ್ಲಿ ಬಸ್ ಹತ್ತಿದೆ. ಮನೆಯಲ್ಲಿ ಇನ್ನೊಂದು ಸಲ ಕಲ್ಲಾಗುವುದು ಗ್ಯಾರಂಟಿ.

ಪ್ರಸಾರದ ಸಂಜೆ ಹೆಂಡತಿ ಒಲೆ ಆರಿಸಿ ಬಂದು ಟಿವಿ ಮುಂದೆ ಕೂತಳು. ನನ್ನ ಮುಖ ಬಂತು, ಹೋಯಿತು, ಮತ್ತೆ ಹತ್ತಿರದಿಂದ ಬಂತು. ಗುಡುಗು ಬಿತ್ತು. ನಾನು ತೆಪ್ಪಗೆ ನಿಂತಿದ್ದರೆ ನನ್ನ ಪರವಾಗಿ ಹತ್ತಾರು ಪಿಟೀಲುಗಳು ಗೋಳಾಡಿದವು. ಅಷ್ಟರಲ್ಲಿ ಚೇಳೂರಿನ ನಾಟಕದ ಗೆಳೆಯನ ಫೋನು: "ಏನ್ಲಾ, ಮಾತು ಮರ್ತೋಗಿತ್ತಾ? ಮರ ನಿಂತಂಗ್ ನಿಂತಿದ್ದೆ." ಕಟ್ ಮಾಡಿದೆ.

ಜಾಹೀರಾತು ಬಂದರೂ ಹೆಂಡತಿ ಏಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಆವತ್ತು ಛತ್ರದಲ್ಲೂ ಹಿಂಗೇ ನಿಂತಿದ್ರಲ್ರೀ" ಅಂದಳು.

ಹೂಂ ಅಂದೆ.

ಟಿವಿಯ ಸೌಂಡು ಕಮ್ಮಿ ಮಾಡಿ ನನ್ನ ಕಡೆ ತಿರುಗಿದಳು. "ಹಿಂದ್ಗಡೆ ಪಿಟೀಲು ಇರ್ಲಿಲ್ಲ ನೋಡಿ" ಅಂದಳು, "ನಂಗೆ ಗೊತ್ತಾಗ್ಲಿಲ್ಲ."