ಮೂರು ಗಂಟೆಯ ಮೋಡ

ಹವಾಮಾನ ಕಚೇರಿಯ ಪುಸ್ತಕದಲ್ಲಿ ಎಂಟು ವರ್ಷಗಳಿಂದ ಮೋಡಗಳನ್ನು ಬರೆಯುತ್ತಿದ್ದವನು ಗಂಡ, ನೋಡುತ್ತಿದ್ದವಳು ಹೆಂಡತಿ. ಕಚೇರಿಗಿದ್ದದ್ದು ಪೂರ್ವಕ್ಕೊಂದೇ ಕಿಟಕಿ. ಹೊರಗೆ ಹೋಗಿ ನಾಲ್ಕೂ ದಿಕ್ಕು ನೋಡಬೇಕೆಂಬುದು ನಿಯಮ. ಆದರೆ ಊಟವಾದ ಮೇಲೆ ಕುರ್ಚಿ ಬಿಟ್ಟೇಳಲು ಆ ಪುಣ್ಯಾತ್ಮನಿಗೆ ಜೀವವೇ ಹೋದಂತಾಗುತ್ತಿತ್ತು. ಮೂರು ಗಂಟೆಗೆ ಸರಿಯಾಗಿ ಮನೆಗೆ ಫೋನು.

"ಏನಿದೆ ಮೇಲೆ?"

ಎರಡು ಬೀದಿ ಆಚೆ ಅಂಗಿ ಹೊಲಿಯುತ್ತಿದ್ದ ಅವಳು ತಾರಸಿಗೆ ಹೋಗಿ, ಟೇಪನ್ನು ಕೈಚಾಚಿ ಹಿಡಿದು, ಗಿರಾಕಿಗೆ ಅಳತೆ ತೆಗೆಯುವಂತೆ ಮೋಡದ ಉದ್ದಗಲ ಅಳೆಯುತ್ತಿದ್ದಳು. ಅಗಲ ಜಾಸ್ತಿಯಿದ್ದರೆ ಹೂಕೋಸಿನಂಥ ಪಾಪದ ಮೋಡ, ಮಳೆಯಿಲ್ಲ. ಎತ್ತರವು ಅಗಲವನ್ನು ಮೀರಿದರೆ ಸಂಜೆಗೊಂದಿಷ್ಟು ಹನಿಸಿ ಹೋದೀತು. ಹೂಕೋಸಿನ ಅಂಚು ಕರಗಿ, ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಯಿತೋ, ಗುಡುಗು, ಆಲಿಕಲ್ಲು ಗ್ಯಾರಂಟಿ. ಒಂದು ದಿನವೂ ಲೆಕ್ಕ ತಪ್ಪಲಿಲ್ಲ. ಗಂಡನ ಕೆಲಸ ಅದಕ್ಕೊಂದು ಶಾಸ್ತ್ರದ ಹೆಸರು ಕೊಟ್ಟು ಪುಸ್ತಕದಲ್ಲಿ ಬರೆಯುವುದಷ್ಟೇ.

ಹೀಗಿರಲು ಅವನ ತೀಕ್ಷ್ಣ ದೃಷ್ಟಿಯನ್ನು ಮೆಚ್ಚಿ ಇಲಾಖೆ ಪ್ರಶಸ್ತಿ ಘೋಷಿಸಿತು. ಅದನ್ನು ಕೊಡಲು ಕಚೇರಿಗೆ ದೊಡ್ಡ ಸಾಹೇಬರೇ ಬರುವವರಿದ್ದರು. ಆ ದಿನ ಬೆಳಿಗ್ಗೆ ಅವನ ಅಂಗಿಗೆ ಇಸ್ತ್ರಿ ಹಾಕುತ್ತ ಅವಳು ಕೇಳಿದಳು, "ನಾನೂ ಬರ್ಲಾ?"

"ನಿಂಗೇನು ಅರ್ಥ ಆಗುತ್ತೆ ಅಲ್ಲಿ? ಸುಮ್ನೆ ಬೇಜಾರಾಗುತ್ತೆ."

ಅವಳಿಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ಒಂದು ಸಲ, ಒಂದೇ ಒಂದು ಸಲ, ನೋಡಿದ್ದು ಇವಳು ಅಂತ ಬಾಯಿಬಿಟ್ಟು ಹೇಳಬಾರದೆ?

ಅಂದೂ ಮೂರಕ್ಕೆ ಫೋನು ಬಂತು. "ಒಳಗೆ ಸೆಕೆ. ಕುರ್ಚಿ ಅಂಗಳಕ್ಕೆ ಹಾಕಿಸ್ಬಹುದಾ?"

ಪಶ್ಚಿಮದಲ್ಲಿ, ಕಚೇರಿಯ ಬೆನ್ನ ಹಿಂದೆ, ನೆತ್ತಿ ಚಪ್ಪಟೆಯಾದ ರಾಕ್ಷಸ ಮೋಡ ನಿಂತಿತ್ತು. ಅವಳು ಟೇಪು ಕೂಡ ಹಿಡಿಯಲಿಲ್ಲ.

"ಪುಟ್ಟ ಪುಟ್ಟ ಹೂಕೋಸು ಕಣ್ರೀ. ಧಾರಾಳವಾಗಿ ಹಾಕ್ಸಿ," ಎಂದವಳೇ ಕೊಡೆ ಹಿಡಿದು ತಮಾಷೆ ನೋಡಲು ಹೊರಟಳು.

ಸಾಹೇಬರು ಪ್ರಶಸ್ತಿಪತ್ರ ಎತ್ತುವಷ್ಟರಲ್ಲಿ ತಣ್ಣನೆ ಗಾಳಿ ನುಗ್ಗಿ ಅದನ್ನು ಹಾರಿಸಿಕೊಂಡು ಹೋಯಿತು. ಹಿಂದೆಯೇ ಆಲಿಕಲ್ಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಾಹೇಬರು ಕುರ್ಚಿಯನ್ನೇ ತಲೆಯ ಮೇಲೆ ಹೊತ್ತು ಒಳಗೋಡಿದರು. ಮಿಕ್ಕವರ ಜೊತೆ ಅವಳೂ ಒಳಬಂದಳು.

"ಎಂಟು ವರ್ಷದಲ್ಲಿ ಒಂದು ತಪ್ಪಿಲ್ಲ. ಇವತ್ತೇನಾಯ್ತು ನಿಮ್ಮ ಕಣ್ಣಿಗೆ?" ಬೋಳುತಲೆ ಒರೆಸಿಕೊಳ್ಳುತ್ತ ಸಾಹೇಬರು ಕೇಳಿದರು.

ಗಂಡ ತಲೆ ತಗ್ಗಿಸಿದ. "ನಾನು ನೋಡೇ ಇಲ್ಲ ಸಾರ್. ಇಷ್ಟು ವರ್ಷ ನೋಡಿ ಹೇಳಿದ್ದೆಲ್ಲ ಇವಳು, ನನ್ನ ಹೆಂಡ್ತಿ."

ಅಂತೂ ಹೇಳಿದ. ಅವಳ ಎದೆ ತುಂಬಿ ಬಂತು. ಸಾಹೇಬರು ಅವಳತ್ತ ತಿರುಗಿದರು.

"ಓಹೋ, ನೀವಾ ಅಮ್ಮ? ಹೋಗ್ಲಿ ಬಿಡಿ, ಮೋಡದ ವಿಷಯ, ಒಂದು ಸಲ ಕಣ್ಣು ತಪ್ಪೋದು ಸಹಜ."

ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಾನು ಮೋಡ ಗುರುತಿಸಲು ತಪ್ಪಿದೆನೆಂಬ ಮಾತನ್ನು ಅವಳು ಹೇಗೆ ನುಂಗಿಯಾಳು?

"ಕಣ್ಣು ತಪ್ಪಿಲ್ಲ ಸಾರ್," ಎಂದಳು. "ನೆತ್ತಿ ಚಪ್ಪಟೆಯಾಗಿದ್ದು ಚೆನ್ನಾಗೇ ಕಾಣಿಸ್ತು. ನಿಮ್ಮನ್ನೆಲ್ಲ ನೆನೆಸೋಣ ಅಂತ ಬೇಕಂತ್ಲೇ ಸುಳ್ಳು ಹೇಳಿದೆ."

ಆಮೇಲೆ ಪುಸ್ತಕವನ್ನು ಗಂಡನ ಮುಂದಕ್ಕೆ ತಳ್ಳಿ, ಮೂರು ಗಂಟೆಯ ಆ ಹೂಕೋಸಿನ ಸಾಲು ಹೊಡೆದು ಸರಿಯಾಗಿ ಬರೆಯಿರಿ ಎಂದಳು.